ಅತ್ತೆಯವರ ಎಡಗೈ

ಮಗಳ ಹೆಸರಿನಲ್ಲಿ ತಂದ ಡಿಜಿಟಲ್ ಪಿಯಾನೋ ಮುಂದೆ ರಾತ್ರಿ ಹತ್ತರ ಮೇಲೆ ಹೆಡ್‌ಫೋನ್ ಏರಿಸಿಕೊಂಡು ಕೂರುವವನು ನಾನು. ಮಗಳು ಹಗಲು ಒಂದನೆಯ ನಾದ, ಅಂದರೆ ಗ್ರ್ಯಾಂಡ್ ಪಿಯಾನೋ ಹಾಕಿಕೊಂಡು ಪಾಠ ಒಪ್ಪಿಸಿ ಎದ್ದುಹೋಗುತ್ತಾಳೆ. ನನಗೆ ಬರುವುದು ಎರಡೂವರೆ ಹಾಡು. ನುಡಿಸಲು ಬಾರದವನಿಗೆ ಉಳಿಯುವ ಕೆಲಸ ಗುಂಡಿ ಒತ್ತುವುದೊಂದೇ.

ಒತ್ತಲು ಬೇಕಾದಷ್ಟಿವೆ. 1991ರಲ್ಲಿ ಜನರಲ್ ಮಿಡಿ ಎಂಬ ಒಪ್ಪಂದವಾಗಿ, ಅದನ್ನು ಒಪ್ಪಿದ ಪೆಟ್ಟಿಗೆ ಯಾರದೇ ಇರಲಿ, 128 ನಾದಗಳು ಒಂದೇ ಕ್ರಮದಲ್ಲಿ ಸಿಗಬೇಕೆಂದು ಗೊತ್ತಾಯಿತು. 105 ಸಿತಾರ್, 112 ಶಹನಾಯಿ. 120 ದಾಟಿದರೆ ಕಛೇರಿ ಮುಗಿದು ಸಂತೆ ಶುರು: ಸಮುದ್ರದ ಅಲೆ, ಹಕ್ಕಿಯ ಚಿಲಿಪಿಲಿ, ಟೆಲಿಫೋನು, ಹೆಲಿಕಾಪ್ಟರು. 127 ಚಪ್ಪಾಳೆ. ಅದರ ಪಕ್ಕದಲ್ಲೇ, 128, ಬಂದೂಕಿನ ಗುಂಡು. ಪಟ್ಟಿ ಮಾಡಿದವರು ನನ್ನಂಥವರ ಕಛೇರಿಗಳನ್ನು ಕೂತು ಕೇಳಿದ್ದವರೇ ಇರಬೇಕು.

ಇಷ್ಟು ಸಾಲದೆಂದು ‘ಲೇಯರ್’ ಎಂಬ ಗುಂಡಿ ಬೇರೆ. ಒಂದು ಮನೆ ಒತ್ತಿದರೆ ಎರಡು ವಾದ್ಯ ನುಡಿಯುತ್ತವೆ. ಒಂದೇ ಮನೆಯಲ್ಲಿ ಎರಡು ಸಂಸಾರ ಎಂದರೆ ಏನಾಗಬೇಕೋ ಅದೆಲ್ಲ ಆಗುತ್ತದೆ. ಮೊದಲು ಪಿಯಾನೋ ಜೊತೆಗೆ ಪಿಟೀಲುಗಳ ಗುಂಪನ್ನು ಸೇರಿಸಿದೆ. ಪಿಯಾನೋ ಸುತ್ತಿಗೆಯ ಏಟಿನ ವಾದ್ಯ. ಬೆರಳು ಬಿದ್ದ ಕ್ಷಣವೇ ದನಿ. ಪಿಟೀಲಿಗೆ ಕಮಾನು ಎಳೆದು ನಾದ ತುಂಬಿಕೊಳ್ಳಲು ಒಂದಿಷ್ಟು ಹೊತ್ತು ಬೇಕು. ನಾನು ಸ್ವಲ್ಪ ಚುರುಕಾಗಿ ನುಡಿಸಿದ್ದೇ ತಡ, ಪಿಯಾನೋ ಮಂಗಳಾರತಿ ತೆಗೆದುಕೊಳ್ಳುತ್ತಿದ್ದರೆ ಪಿಟೀಲುಗಳು ಇನ್ನೂ ಹೊರಗೆ ಚಪ್ಪಲಿ ಬಿಡುತ್ತಿದ್ದವು. ನಿಧಾನಿಸಿದರೆ ಇನ್ನೊಂದು ತೊಂದರೆ. ಪಿಯಾನೋ ದನಿ ತಾನಾಗಿ ಆರಿಹೋದರೂ ಪಿಟೀಲು ನಿಲ್ಲದು. ಹೊರಟೆವೆಂದು ಎದ್ದು, ಗೇಟಿನ ಹತ್ತಿರ ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ.

ಆಮೇಲೆ ಪಾಲಿಫೊನಿಯ ಲೆಕ್ಕ. ಪೆಟ್ಟಿಗೆಗೆ ಏಕಕಾಲಕ್ಕೆ 64 ದನಿ ಹೊರುವ ಶಕ್ತಿಯಿದ್ದರೆ, ಜೋಡಿ ನಾದ ಹಾಕಿದಾಗ ಒಂದೊಂದು ಮನೆಗೂ ಎರಡಾದರೂ ಖರ್ಚು. ಪೆಡಲ್ ತುಳಿದುಕೊಂಡು ಎರಡೂ ಕೈ ಓಡಿಸಿದರೆ ಜಾಗ ತುಂಬಿಹೋಗಿ, ಮೊದಲು ನುಡಿದ ಸ್ವರಗಳು ಸದ್ದಿಲ್ಲದೆ ಮಾಯ. ಮುಂಬಾಗಿಲಲ್ಲಿ ಹೊಸಬರು ಹತ್ತಿದಷ್ಟೂ ಹಳಬರನ್ನು ಹಿಂಬಾಗಿಲಿನಿಂದ ಇಳಿಸುವ ಸಿಟಿ ಬಸ್ಸಿನ ನ್ಯಾಯ.

ಒಂದು ರಾತ್ರಿ ಆಸೆ ತಡೆಯದೆ ಪಿಯಾನೋಗೆ 127 ಬೆರೆಸಿದೆ. ಒಂದೊಂದು ಸ್ವರಕ್ಕೂ ಸಭೆ ಚಪ್ಪಾಳೆ ತಟ್ಟಿತು. ತಪ್ಪು ಸ್ವರಕ್ಕೂ ಅಷ್ಟೇ ಧಾರಾಳವಾಗಿ. ಹೆಡ್‌ಫೋನಿನ ಪಿನ್ನು ಕಳಚಿಕೊಂಡಿತ್ತೆಂದು ತಿಳಿದದ್ದು, ಹೆಂಡತಿ ಬಾಗಿಲಲ್ಲಿ ನಿಂತು, “ರೀ, ಈ ಹೊತ್ತಿನಲ್ಲಿ ಯಾರು ಬಂದಿದ್ದಾರೆ?” ಎಂದಾಗ.

ಮರುದಿನ ಊರಿಂದ ಅತ್ತೆ ಬಂದರು. ಭಜನಾ ಮಂಡಳಿಯಲ್ಲಿ ಹಾರ್ಮೋನಿಯಂ ನುಡಿಸಿ ನುಡಿಸಿ ಬೆರಳು ಸವೆಸಿದವರು. ಸಿಕ್ಕಿದ್ದೇ ಅವಕಾಶವೆಂದು ಲೇಯರಿನ ಮಹಿಮೆಯ ಮೇಲೆ ಅರ್ಧ ಗಂಟೆ ಉಪನ್ಯಾಸ ಕೊಟ್ಟೆ. ಕಾಫಿ ಮುಗಿಸಿ ಲೋಟ ಕೆಳಗಿಟ್ಟು ಕೇಳಿದರು: “ಇದು ನಮ್ಮ ಡಬಲ್ ರೀಡು ಅಲ್ಲವೇ ಅಳಿಯಂದಿರೇ?”

ನಿಜವೇ. ಅವರ ಪೆಟ್ಟಿಗೆಯೊಳಗೆ ಎರಡು ಸಾಲು ರೀಡು. ಒಂದಕ್ಕಿಂತ ಇನ್ನೊಂದು ಒಂದು ಸ್ಥಾಯಿ ಕೆಳಗೆ. ಮುಂದಿನ ಗುಬುಟು ಎಳೆದರೆ ಗಾಳಿ ಎರಡಕ್ಕೂ ಹೋಗಿ ಎರಡೂ ನುಡಿಯುತ್ತವೆ. ಕಪ್ಲರ್ ಹಾಕಿದರೆ, ನಾವು ಒತ್ತಿದ ಮನೆಯ ಜೊತೆ ಒಂದು ಸ್ಥಾಯಿ ಆಚೆಯ ಮನೆಯೂ, ಕಾಣದ ಬೆರಳೊಂದು ಒತ್ತಿದ ಹಾಗೆ, ತಾನೇ ಕುಸಿಯುತ್ತದೆ. ಕರೆಂಟಿಲ್ಲ, ಕೈಪಿಡಿಯಿಲ್ಲ, 64ರ ಲೆಕ್ಕವಿಲ್ಲ.

“ಇದರಲ್ಲಿ ನಮ್ಮ ಹಾರ್ಮೋನಿಯಂ ಎಷ್ಟನೇದು?”

ಹುಡುಕಿದೆ. 128ರಲ್ಲಿ ಹಾರ್ಮೋನಿಯಂ ಇಲ್ಲ. ವೀಣೆಯೂ ಇಲ್ಲ. ಹೆಲಿಕಾಪ್ಟರ್ ಇದೆ. ನನ್ನ ಮುಖ ಸಣ್ಣದಾದದ್ದು ನೋಡಿ ಅವರೇ ಸಮಾಧಾನ ಹೇಳಿದರು: “ಬಿಡಿ. 1940ರಿಂದ ಮೂವತ್ತು ವರ್ಷ ರೇಡಿಯೋದವರೇ ಅದನ್ನು ಹೊರಗಿಟ್ಟಿದ್ದರು. ನಿಮ್ಮ ಪಟ್ಟಿಯವರದ್ದೇನು ಹೊಸ ಅವಮಾನ?”

ಕೊನೆಗೆ 21ರಲ್ಲಿ ರೀಡ್ ಆರ್ಗನ್ ಸಿಕ್ಕಿತು. ಹಾರ್ಮೋನಿಯಂನ ದೊಡ್ಡಪ್ಪನ ಮಗ. ಅದನ್ನೇ ಎರಡು ಸಲ ಹಾಕಿ, ಒಂದನ್ನು ಒಂದು ಸ್ಥಾಯಿ ಇಳಿಸಿ, ಅದರ ಸದ್ದನ್ನು ಚೂರು ತಗ್ಗಿಸಿದೆ. ಅತ್ತೆ ಕುರ್ಚಿಯಲ್ಲಿ ಕೂತು ಬಲಗೈ ಇಟ್ಟರು. ದನಿ ಕೇಳಿ ಹುಬ್ಬೇರಿತು. ನಾಲ್ಕು ಸ್ವರ ಆದಮೇಲೆ ನಿಲ್ಲಿಸಿದರು.

“ನಾದವೇನೋ ಸರಿ. ಉಸಿರೇ ಇಲ್ಲವಲ್ಲ?”

ಆಗ ನೋಡಿದೆ. ಅವರ ಎಡಗೈ ಇಲ್ಲದ ತಿದಿಯನ್ನು ಹುಡುಕುತ್ತಾ ಗಾಳಿಯಲ್ಲಿ ಆಡುತ್ತಿತ್ತು. ಹಾರ್ಮೋನಿಯಂನಲ್ಲಿ ಬೆರಳು ಸ್ವರ ತೋರಿಸುತ್ತದೆ ಅಷ್ಟೇ. ಏರಿಸುವುದು, ತಗ್ಗಿಸುವುದು, ಸಾಲಿನ ಕೊನೆಗೆ ಮೆಲ್ಲಗೆ ಬಿಡುವುದು ಎಲ್ಲ ಗಾಳಿ ಹಾಕುವ ಕೈಯ ಕೆಲಸ. ಆರು ತಿಂಗಳು ನಾದದ ಮೇಲೆ ನಾದ ಹೇರಿದ ನನಗೆ ಇದು ಹೊಳೆದಿರಲಿಲ್ಲ. ಅತ್ತೆ ಪೆಟ್ಟಿಗೆಯನ್ನು ಒಮ್ಮೆ ಮೇಲಿಂದ ಕೆಳಗೆ ನೋಡಿ, ಎಡ ತುದಿಯಲ್ಲಿದ್ದ ವಾಲ್ಯೂಮಿನ ಕಡ್ಡಿಯ ಮೇಲೆ ಎಡಗೈ ಇಟ್ಟರು. ಹಿಂದಕ್ಕೆ, ಮುಂದಕ್ಕೆ, ಮತ್ತೆ ಹಿಂದಕ್ಕೆ. ಪೆಟ್ಟಿಗೆ ಉಸಿರಾಡತೊಡಗಿತು.

ಈಗ ನಮ್ಮ ಮನೆಯ ಶನಿವಾರದ ಭಜನೆಗೆ ಅದೇ ಜೋಡಿ, 21ರ ಮೇಲೆ 21. ಪ್ಲಗ್ ಹಾಕುವ ಕೆಲಸ ನನ್ನದು.