ಎಂಜಿನ್ ತಣ್ಣಗಿರುವಾಗ ಹೋಗಿ, ಭಾವ

ಭಾವ, ಕೊಡೆ ಹಿಡಿದು ಎಲ್ಲಿಗೆ ಹೊರಟಿರಿ? ಗಂಗೊಳ್ಳಿಗಾ? ಹಳೆ ದೋಣಿ ನೋಡಲಿಕ್ಕುಂಟು ಅಂತ ಅಕ್ಕ ಹೇಳಿದಳು. ಬಸ್ಸಿಗೆ ಇನ್ನೂ ಹೊತ್ತುಂಟು, ಒಂಚೂರು ಬೇಲಿ ಹತ್ತಿರ ಬನ್ನಿ.

ಸಮಯವೇನೋ ಒಳ್ಳೆಯದೇ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ದೊಡ್ಡ ಬೋಟುಗಳು ಬಂದರಿನಲ್ಲಿ, ಸಣ್ಣ ಫೈಬರ್ ದೋಣಿಗಳು ಎಷ್ಟೋ ತೆಂಗಿನ ಬುಡದಲ್ಲಿ ಕವುಚಿ ಬಿದ್ದಿರುತ್ತವೆ. ದೋಣಿಯ ಹೊಟ್ಟೆ ಸರಿಯಾಗಿ ನೋಡಲಿಕ್ಕೆ ಸಿಗುವುದು ಈಗಲೇ. ಹೊಸದಾಗಿ ಬಣ್ಣ ಬಳಿದಿದ್ದರೆ ಮಾತ್ರ ಎರಡು ಪಟ್ಟು ಎಚ್ಚರ ಬೇಕು. ತೆಂಗಿನಕಾಯಿ ಬಡಿದು ನೋಡುತ್ತೀರಲ್ಲ, ಹಾಗೇ ಸುತ್ತಿಗೆಯ ಹಿಡಿಯಿಂದ ಮೆಲ್ಲಗೆ ಬಡಿಯುತ್ತ ಹೋಗಿ. ಗಟ್ಟಿ ಫೈಬರ್ ಟಣ್ ಅನ್ನುತ್ತದೆ. ಪದರ ಬಿಟ್ಟಲ್ಲಿ ಸದ್ದು ಸತ್ತುಹೋಗುತ್ತದೆ. ಸಣ್ಣ ಗುಳ್ಳೆ ಎದ್ದಿದ್ದರೆ ಒಳಗೆ ನೀರು ಇಳಿದಿದೆ ಅಂತಲೇ ತಿಳಿಯಿರಿ.

ಎಲ್ಲಕ್ಕಿಂತ ಮುಖ್ಯ, ಎಂಜಿನ್ ಕೂರಿಸುವ ಹಿಂಬದಿಯ ಹಲಗೆ. ಫೈಬರಿನ ಒಳಗೆ ಹೆಚ್ಚಾಗಿ ಪ್ಲೈವುಡ್ ಇರುತ್ತದೆ. ಬೋಲ್ಟಿನ ತೂತಿನಲ್ಲಿ ನೀರಿಳಿದು ಅದು ಒಳಗೊಳಗೇ ಕುಂಬಾಗುತ್ತದೆ, ಹೊರಗೆ ಏನೂ ಕಾಣುವುದಿಲ್ಲ. ಎಂಜಿನ್ ಕೂರಿಸಿ, ಅದರ ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಕಣ್ಣು ಹಲಗೆಯ ಮೇಲಿರಲಿ. ಹಲಗೆ ಬಾಗಿತೋ, ಮೂಲೆಯಲ್ಲಿ ಬಿರುಕು ಬಾಯಿ ಬಿಟ್ಟಿತೋ, ಆ ದೋಣಿ ಬೇಡವೇ ಬೇಡ. ನನ್ನ ತಮ್ಮ ಬಣ್ಣ ನೋಡಿ ಕೊಂಡಿದ್ದ. ಅಳಿವೆಯ ಹತ್ತಿರ ಹಲಗೆ ಸೀಳಿ ಎಂಜಿನ್ ನೇತಾಡಿತು. ಕತ್ತಲಾಗುವವರೆಗೆ ಹುಟ್ಟು ಹಾಕಿ ದಡ ಸೇರಿದ. ಆ ಸಂಜೆ ಅಮ್ಮ ಜಗಲಿಯಿಂದ ಎದ್ದಿರಲಿಲ್ಲ.

ಎಂಜಿನ್ ನೋಡಲಿಕ್ಕೆ ಹೇಳದೇ ಹೋಗುವುದು ಒಳ್ಳೆಯದು. ಮೊದಲು ಮುಟ್ಟಿ ನೋಡಿ. ಬಿಸಿ ಇದ್ದರೆ ನೀವು ಬರುವ ಮುಂಚೆಯೇ ಓಡಿಸಿಟ್ಟಿದ್ದಾರೆ. ಚಹಾ ಕುಡಿದು, ತಣಿಯುವವರೆಗೆ ಕಾದು, ಹಗ್ಗ ನೀವೇ ಎಳೆಯಿರಿ. ನೀರಿಲ್ಲದೆ ಓಡಿಸಲಿಕ್ಕೆ ಬಿಡಬೇಡಿ, ಪಂಪಿನ ರಬ್ಬರ್ ಚಕ್ರ ಹಾಳಾಗುತ್ತದೆ. ಡ್ರಮ್ಮಿನಲ್ಲಿ ಸಿಹಿನೀರು ತುಂಬಿಸಿ ಅದರಲ್ಲಿ ಇಳಿಸಬೇಕು. ಪಕ್ಕದ ಸಣ್ಣ ತೂತಿನಿಂದ ನೀರು ಎಡೆಬಿಡದೆ ಚಿಮ್ಮಬೇಕು. ಅಂದ ಹಾಗೆ, ಮಾರುವವರ ಅಂಗಳದಲ್ಲಿ ಅಂಥ ಡ್ರಮ್ಮು ಮೊದಲೇ ಇದ್ದರೆ ನನಗೆ ಅರ್ಧ ಸಮಾಧಾನ. ಉಪ್ಪುನೀರಿನಿಂದ ಬಂದ ಎಂಜಿನ್ ತೊಳೆಯುವ ಅಭ್ಯಾಸ ಆ ಮನೆಯಲ್ಲಿ ಉಂಟು ಅಂತ ಅರ್ಥ. ಕೆಳಗಿನ ಸ್ಕ್ರೂ ಬಿಚ್ಚಿ ಗೇರ್ ಎಣ್ಣೆಯನ್ನೂ ನೋಡಿ. ಹಾಲು ಬೆರೆಸಿದ ಕಾಫಿಯಂತೆ ಬಂದರೆ ಸೀಲ್ ಹೋಗಿ ನೀರು ಸೇರಿದೆ. ಕಂಪ್ರೆಷನ್ ಮೆಕ್ಯಾನಿಕ್ಕೇ ನೋಡಲಿ. ಎರಡು ಸಿಲಿಂಡರಿನ ನಡುವೆ ನೂರಕ್ಕೆ 10ಕ್ಕಿಂತ ಹೆಚ್ಚು ಅಂತರ ಬರಬಾರದು. ಫ್ಯಾನ್ ಕೈಯಲ್ಲಿ ತಿರುಗಿಸಿ, ಶಾಫ್ಟ್ ಓಲಾಡಬಾರದು.

ಎಂಜಿನ್ನಿನ ಮೇಲಿನ ನಂಬರು, ಕಾಗದದ ನಂಬರು ಒಂದೇ ಇರಬೇಕು. ಸಾಲ ಬಾಕಿ ಉಂಟಾ ಕೇಳಿ, ನೋಂದಣಿ ನಿಮ್ಮ ಹೆಸರಿಗೆ ಆಗಬೇಕು.

ಕೊನೆಯದಾಗಿ, ಹೊಳೆಯ ಕೆಂಪು ನೀರು ಇಳಿದ ಮೇಲೆ ಪಂಚಗಂಗಾವಳಿಯಲ್ಲಿ ನಾಲ್ಕು ಜನ ಕೂತು ಓಡಿಸಿ ನೋಡಿಯೇ ವ್ಯಾಪಾರ ಮಾಡುವ. ಮೆಕ್ಯಾನಿಕ್ ಕರೆದುಕೊಂಡು ನಾನೂ ಬರುತ್ತೇನೆ. ಇವತ್ತು ನೋಡಿ ಬನ್ನಿ ಸಾಕು. ಮುಂಗಡದ ದುಡ್ಡು ಅಕ್ಕನ ಕೈಯಲ್ಲಿ ಕೊಟ್ಟು ಹೋಗಿ ಭಾವ.