ಹೆಲ್ಪರ್ ಹುಡುಗನ ಮೂಗಿಗೊಂದು ಬಹಿರಂಗ ಪತ್ರ

ಮಾನ್ಯ ಮೂಗಿನವರಿಗೆ,

ನಮ್ಮ ರಿಗ್ಗಿನ ಹೆಲ್ಪರ್ ಹುಡುಗನ ಮುಖದಲ್ಲಿ ವಾಸವಾಗಿರುವ ತಮಗೆ ಡ್ರಿಲ್ಲಿಂಗ್ ಸಬ್ ಕಂಟ್ರ್ಯಾಕ್ಟರನಾದ ನನ್ನ ನಮಸ್ಕಾರಗಳು. ಹುಡುಗನಿಗೇ ಬರೆಯಬಹುದಿತ್ತು. ಆದರೆ ಹಾಜರಿ ಪುಸ್ತಕದಲ್ಲಿ ಅವನ ಹೆಸರಿಲ್ಲ. ಇಲ್ಲದವನಿಗೆ ಪತ್ರ ಬರೆದರೆ ನಾಳೆ ಆಡಿಟ್‌ನವರು ಅವನು ಯಾರು ಅಂತ ಕೇಳುತ್ತಾರೆ. ತಾವಾದರೋ ನಮ್ಮ ಸೈಟಿನ ಏಕೈಕ ಸುರಕ್ಷತಾ ಉಪಕರಣ. ಬಾಡಿಗೆ ಕೊಡಬೇಕಿಲ್ಲ, ಬ್ಯಾಟರಿ ಹಾಕಬೇಕಿಲ್ಲ, ಕ್ಯಾಲಿಬ್ರೇಷನ್ ಅಂತ ಬೆಂಗಳೂರಿಗೆ ಹೊತ್ತುಕೊಂಡು ಹೋಗಬೇಕಿಲ್ಲ. ಇಂಥ ಸೇವೆಗೆ ನಾಲ್ಕು ಜನರ ಎದುರಿಗೇ ಕೃತಜ್ಞತೆ ಹೇಳಬೇಕೆಂದು ಪತ್ರವನ್ನು ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕೆಲಸ ತಮಗೆ ಗೊತ್ತೇ ಇದೆ. ಹೆದ್ದಾರಿ ಪಕ್ಕದ ಹಳೇ ಪೆಟ್ರೋಲ್ ಬಂಕು. ನೆಲದೊಳಗಿನ ಟ್ಯಾಂಕು ತುಕ್ಕು ಹಿಡಿದು ಸದ್ದಿಲ್ಲದೆ ಸೋರಿದೆ. ಪಕ್ಕದ ಮನೆಯವರು ಬಾವಿಯಿಂದ ಸೇದಿದ ನೀರನ್ನು ಬಿಂದಿಗೆ ಸಮೇತ ತಂದು ಬಂಕಿನ ಮುಂದಿಟ್ಟ ಮೇಲೆ ಮೇಲಿನವರಿಗೆ ಎಚ್ಚರವಾಯಿತು. ಪೆಟ್ರೋಲು ಎಲ್ಲಿಯತನಕ ಹರಡಿದೆ ಎಂದು ತಿಳಿಯಲು ಏಳೆಂಟು ಕಡೆ ಕೊರೆದು ಮಣ್ಣಿನ ಸ್ಯಾಂಪಲ್ ತೆಗೆಯಿರಿ ಎಂದರು. ನಿಧಾನವಾಗಿ ತಿರುಗುತ್ತಾ ಮಣ್ಣನ್ನು ಮೇಲಕ್ಕೆತ್ತುವ ಆಗರ್ ಯಂತ್ರವನ್ನೇ ತರಬೇಕೆಂದು ಕನ್ಸಲ್ಟೆಂಟ್ ಸಾಹೇಬರು ಬರೆದುಕೊಟ್ಟಿದ್ದರು. ನಾನು ತಂದದ್ದು ತಿರುಚೆಂಗೋಡಿನ ಬೋರ್‌ವೆಲ್ ಲಾರಿ. ಅಡಿ ಲೆಕ್ಕದಲ್ಲಿ ಅಗ್ಗ. ಅದರ ಕಂಪ್ರೆಸರ್ ಗಾಳಿ ನೆಲದಲ್ಲಿ ಮಲಗಿದ್ದ ಆವಿಯನ್ನೆಲ್ಲ ಬಡಿದೆಬ್ಬಿಸಿ ನೇರವಾಗಿ ತಮ್ಮ ಹೊಳ್ಳೆಗೇ ಮುಟ್ಟಿಸುತ್ತದೆ. ಸಾಹೇಬರು ಮೂಗು ಮುರಿದರು. ಮುರಿಯಲಿ ಬಿಡಿ, ಅವರ ಮೂಗು ಕಾರಿನ ಎ.ಸಿ.ಯಲ್ಲಿ ಕೂತಿತ್ತು.

ಸುರಕ್ಷತೆಯ ವಿಷಯದಲ್ಲಿ ನಾವು ಏನೂ ಕಡಿಮೆ ಮಾಡಿಲ್ಲ ಎಂಬುದಕ್ಕೆ ತಾವೇ ಸಾಕ್ಷಿ. ಡ್ರಿಲ್ ಬಿಟ್‌ಗೆ ಅರಿಶಿನ ಕುಂಕುಮ ಹಚ್ಚಿ, ಚಕ್ರದಡಿ ನಿಂಬೆಹಣ್ಣಿಟ್ಟು, ಕಾಯಿ ಒಡೆದು, ಕೊರೆಯುವ ಪಾಯಿಂಟಿನ ಪಕ್ಕದಲ್ಲೇ ಕರ್ಪೂರ ಹಚ್ಚಲು ಹೊರಟೆವು. ಆಗ ನೋಡಿ, ಸಾಹೇಬರ ಜೊತೆ ಬಂದಿದ್ದ ಟ್ರೈನಿ ಹುಡುಗಿ ಓಡಿ ಬಂದು ಬೆಂಕಿಪೊಟ್ಟಣವನ್ನೇ ಕಸಿದುಕೊಂಡಳು. ಪೆಟ್ರೋಲ್ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರವಂತೆ, ತಗ್ಗು ಕಂಡಲ್ಲಿ ಹೋಗಿ ಹೊಂಚಿ ಕೂರುತ್ತದಂತೆ, ಗಾಳಿಯಲ್ಲಿ ಸುಮಾರು 1.4 ಪರ್ಸೆಂಟ್ ಸೇರಿದರೂ ಒಂದು ಕಿಡಿ ಸಾಕಂತೆ. "ದೇವರ ಮುಂದೆ ಪರ್ಸೆಂಟೇಜ್ ಮಾತಾಡಬಾರದಮ್ಮಾ, ಅದೆಲ್ಲ ಬಿಲ್ ಪಾಸ್ ಮಾಡಿಸುವಾಗ," ಎಂದು ನಾನೇ ಸಮಾಧಾನ ಹೇಳಿದೆ.

ಅವಳು ಬಿಡಬೇಕಲ್ಲ. ಜೈಪುರದ ಕಥೆ ತೆಗೆದಳು. 2009ರ ಅಕ್ಟೋಬರ್ 29ರ ಸಂಜೆ ಅಲ್ಲಿನ ಸೀತಾಪುರದ ತೈಲ ಡಿಪೋದಲ್ಲಿ ಪೆಟ್ರೋಲು ಚಿಮ್ಮತೊಡಗಿತು. ವಾಲ್ವ್ ಹತ್ತಿರವಿದ್ದವರು ಆವಿಗೆ ಸಿಕ್ಕಿ ಅದನ್ನು ಮುಚ್ಚಲಾಗದೆ ಕುಸಿದರು. ಒಂದು ಗಂಟೆಗೂ ಹೆಚ್ಚು ಹೊತ್ತು ಹರಡಿದ ಆವಿ ಕೊನೆಗೆ ಎಲ್ಲಿಯದೋ ಕಿಡಿಗೆ ಸಿಡಿಯಿತು. 11 ಜನ ಸತ್ತರು, ಬೆಂಕಿ ದಿನಗಟ್ಟಲೆ ಉರಿಯಿತು. "ಅಲ್ಲಿ ಎಲ್ಲರಿಗೂ ಮೂಗಿತ್ತು ಸಾರ್," ಎಂದಳು. ಮಾತು ನನಗೆ ಅಷ್ಟು ಹಿಡಿಸಲಿಲ್ಲ. ಅದು ಡಿಪೋ, ಇದು ಬಂಕು. ಹೋಲಿಕೆ ಮಾಡುವಾಗ ಟೆಂಡರ್ ಮೊತ್ತವನ್ನೂ ನೋಡಬೇಕು.

ಆಮೇಲೆ ಎರಡು ಮೀಟರ್ ಬೇಕೆಂದಳು. ಒಂದು ಸ್ಫೋಟದ ಅಪಾಯ ಹೇಳುವುದು. ಆವಿಯು ಸಿಡಿಯುವ ಮಟ್ಟದ ಹತ್ತನೇ ಒಂದು ಪಾಲಿಗೆ ಬಂದರೆ ರಿಗ್ ಬಂದ್ ಮಾಡಿ ದೂರ ಸರಿಯಬೇಕು. ಸರಿ, ಅದು ಕೂಗದೆ ಇದ್ದರೆ ಕೆಲಸ ಮಾಡಬಹುದಲ್ಲ ಎಂದೆ. ಇಲ್ಲವಂತೆ! ಆ ಹತ್ತನೇ ಒಂದು ಪಾಲು ಎಂದರೇ ಹತ್ತು ಲಕ್ಷ ಪಾಲು ಗಾಳಿಯಲ್ಲಿ ಸುಮಾರು 1,400 ಪಾಲು ಪೆಟ್ರೋಲ್ ಆವಿ. ಅದರೊಳಗಿರುವ ಬೆಂಜೀನ್‌ಗೆ ನಮ್ಮ ಹಳೇ ಕಾರ್ಖಾನೆ ಕಾಯ್ದೆಯ ಪಟ್ಟಿ ಎಳೆದಿದ್ದ ಗೆರೆ, ಎಂಟು ಗಂಟೆಯ ಸರಾಸರಿ ಲೆಕ್ಕದಲ್ಲಿ, ಹತ್ತು ಲಕ್ಷಕ್ಕೆ ಅರ್ಧ ಪಾಲು. ಸ್ಫೋಟದ ಮೀಟರು ತೆಪ್ಪಗಿರುವಾಗಲೇ ರಕ್ತ ಕೆಡಬಹುದು. ಆದ್ದರಿಂದ ಪಿಐಡಿ ಎಂಬ ಇನ್ನೊಂದು ಮೀಟರನ್ನು ಉಸಿರಾಡುವ ಎತ್ತರದಲ್ಲಿ, ತಮ್ಮಿಂದ ಒಂದು ಅಡಿಯೊಳಗೆ, ಹಿಡಿದು ನೋಡುತ್ತಿರಬೇಕು. ಬೆಂಜೀನ್ ಎಷ್ಟೆಂದು ಬೇರೆಯಾಗಿಯೂ ಅಳೆಯಬೇಕು. ಬಾಡಿಗೆ ವಿಚಾರಿಸಿದೆ. ಮೂಗಿಗಿಂತ ಮೂಗುತಿ ಭಾರವಾಗಬಾರದು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ. ಇಷ್ಟಕ್ಕೂ ಆ ಪಟ್ಟಿ ಕಾರ್ಖಾನೆಗೆ ಮಾಡಿದ್ದು. ನಮ್ಮದು ಬಯಲು.

ತಮ್ಮ ಮೇಲೂ ಅವಳಿಗೆ ನಂಬಿಕೆಯಿಲ್ಲ. ಬೆಂಜೀನ್ ವಾಸನೆ ತಮಗೆ ತಿಳಿಯುವ ಹೊತ್ತಿಗೆ ಆ ಗೆರೆ ದಾಟಿಯೇ ಹೋಗಿರುತ್ತದಂತೆ. ತಿಳಿದ ಸ್ವಲ್ಪ ಹೊತ್ತಿಗೆ ತಾವು ಒಗ್ಗಿಕೊಂಡು ಸುಮ್ಮನಾಗುತ್ತೀರಂತೆ. ಇದನ್ನು ನಾನು ದೋಷವೆಂದು ಎಣಿಸುವುದಿಲ್ಲ. ಬೆಳಿಗ್ಗೆ ಹುಡುಗ "ವಾಸನೆ, ತಲೆ ಸುತ್ತು" ಎಂದ. ಹನ್ನೊಂದು ಗಂಟೆಗೆ ಕೇಳಿದರೆ "ಈಗ ವಾಸನೆ ಇಲ್ಲ" ಎಂದ. ನಾನು ಸೈಟ್ ಡೈರಿಯಲ್ಲಿ ಬರೆದೆ: ಗಾಳಿ ಶುದ್ಧವಾಗಿದೆ. ಇಷ್ಟು ಬೇಗ ಹೊಂದಿಕೊಳ್ಳುವ ಗುಣ ಯಾವ ಮೀಟರಿಗಿದೆ, ತಾವೇ ಹೇಳಿ.

ಹಾಗಂತ ತಮ್ಮನ್ನು ಬರಿದೇ ಬಿಟ್ಟೆನೆ? ಕೊರೊನಾ ಕಾಲದಲ್ಲಿ ಉಳಿದಿದ್ದ ಎನ್‌-95 ಮಾಸ್ಕ್ ಕೊಟ್ಟೆ. ಫೋಟೋದಲ್ಲಿ ಚೆನ್ನಾಗಿ ಬಂದಿದೆ. ಅದು ದೂಳನ್ನು ತಡೆಯುತ್ತದೆ, ಆವಿಯನ್ನಲ್ಲ. ಆವಿಗೆ ಇದ್ದಿಲು ತುಂಬಿದ ಕಾರ್ಟ್ರಿಜ್ ಇರುವ ಮಾಸ್ಕೇ ಬೇಕು, ವಾಸನೆ ಬರುವತನಕ ಕಾಯದೆ ಗಂಟೆ ಲೆಕ್ಕದಲ್ಲಿ ಕಾರ್ಟ್ರಿಜ್ ಬದಲಿಸಬೇಕು ಎಂದು ಮತ್ತೆ ಅದೇ ಹುಡುಗಿ. ಹುಡುಗ ರಾಡಿನ ಗ್ರೀಸ್ ಹೋಗಲೆಂದು ಬಾಟಲಿಯಲ್ಲಿದ್ದ ಪೆಟ್ರೋಲ್ ಸುರಿದುಕೊಂಡು ಕೈ ತೊಳೆದು, ಅದೇ ಕೈಯಲ್ಲಿ ರಿಗ್ಗಿನ ನೆರಳಲ್ಲೇ ಚಿತ್ರಾನ್ನ ಕಲಸತೊಡಗಿದಾಗಲಂತೂ ಅವಳು ತಟ್ಟೆಯನ್ನೇ ಎಳೆದುಕೊಂಡಳು. ಬೆಂಜೀನ್ ಚರ್ಮದ ಮೂಲಕವೂ ಒಳಹೋಗುತ್ತದಂತೆ. ಕೊರೆಯುವ ಜಾಗ, ಬಟ್ಟೆ ಬದಲಿಸಿ ಕೈಕಾಲು ತೊಳೆಯುವ ಜಾಗ, ಊಟ ಮಾಡುವ ಜಾಗ ಮೂರೂ ಬೇರೆ ಬೇರೆ ಇರಬೇಕಂತೆ. ಊಟದ್ದು ಗಾಳಿ ಬೀಸಿ ಬರುವ ಕಡೆಗೆ ಇರಬೇಕಂತೆ. ಇರುವುದೇ ಬಂಕಿನ ಅಂಗಳ. ಅದರಲ್ಲಿ ಮೂರು ಪಾಲು ಮಾಡಲು ನಾವೇನು ಅಣ್ಣತಮ್ಮಂದಿರೆ?

ಅಮೆರಿಕದಲ್ಲಿ ಇಂಥ ಜಾಗಕ್ಕೆ ಇಳಿಸುವ ಮುನ್ನ ಸಾಮಾನ್ಯ ಕೆಲಸಗಾರನಿಗೆ 40 ಗಂಟೆ ತರಬೇತಿ ಕೊಡಬೇಕಂತೆ. ನಾನೂ ಕೊಟ್ಟಿದ್ದೇನೆ: "ಹುಷಾರು ಕಣೋ." ಬೆಂಜೀನ್ ಕುರಿತ 1971ರ ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಒಪ್ಪಂದವನ್ನು ನಮ್ಮ ದೇಶ 1991ರಲ್ಲೇ ಅನುಮೋದಿಸಿದೆ. ಅದರಲ್ಲಿ ಕೆಲಸಕ್ಕೆ ಸೇರುವ ಮೊದಲೂ ಆಮೇಲೆ ಆಗಾಗ್ಗೆಯೂ ರಕ್ತಪರೀಕ್ಷೆ ಮಾಡಿಸಬೇಕು, ಖರ್ಚು ಕಾರ್ಮಿಕನ ಮೇಲೆ ಬೀಳಬಾರದು ಎಂದಿದೆ. ನಮ್ಮ ದೇಶ ಅನುಮೋದಿಸಿದ್ದಕ್ಕೆ ನನಗೆ ಹೆಮ್ಮೆಯಿದೆ. ರಕ್ತ ಮಾತ್ರ ನಾನು ತೆಗೆಸಿಲ್ಲ. ಬೆಂಜೀನ್ ಹೋಗಿ ಕೂರುವುದು ಮೂಳೆಯೊಳಗಿನ ಮಜ್ಜೆಯಲ್ಲಿ. ರಕ್ತದ ಕ್ಯಾನ್ಸರ್ ಬಂದರೂ ಎಷ್ಟೋ ವರ್ಷದ ಮೇಲೆ. ಅಷ್ಟರಲ್ಲಿ ಹುಡುಗ ಯಾರ ರಿಗ್ಗಿನಲ್ಲಿರುತ್ತಾನೋ, ಯಾವ ರಾಜ್ಯದಲ್ಲಿರುತ್ತಾನೋ. ಕಾಯಿಲೆಗಿರುವ ಈ ತಾಳ್ಮೆಯಿಂದಲೇ ನಮ್ಮ ಕಸುಬು ನಡೆಯುತ್ತಿದೆ.

ತಮಗೆ ಮುಂದೆ ಒಳ್ಳೆಯ ಕಾಲವಿದೆ. ಮಲಿನಗೊಂಡ ಜಾಗಗಳನ್ನು ಗುರುತಿಸಿ ಸರಿಪಡಿಸಬೇಕೆಂದು ಕೇಂದ್ರ ಸರ್ಕಾರ 2025ರಲ್ಲಿ ನಿಯಮವನ್ನೇ ಮಾಡಿದೆ. ಇನ್ನು ಊರೂರಲ್ಲಿ ಕೊರೆತ. ಅಷ್ಟೂ ಕಡೆ ಮೊದಲು ಬಗ್ಗಿ ನೋಡಲು ಮೂಗುಗಳು ಬೇಕು. ನೆಲಕ್ಕೆ ಏನಾಗಿದೆ ಎಂದು ನೋಡಲು ಲ್ಯಾಬ್ ಇದೆ, ಲ್ಯಾಬಿಗೆ ಮಣ್ಣನ್ನು ಐಸ್ ಪೆಟ್ಟಿಗೆಯಲ್ಲಿಟ್ಟು ಜೋಪಾನವಾಗಿ ಕಳಿಸುತ್ತೇವೆ. ಆ ಮಣ್ಣು ತೆಗೆದವನಿಗೆ ಏನಾಗಿದೆ ಎಂಬ ಕಾಲಂ ಮಾತ್ರ ರಿಪೋರ್ಟಿನಲ್ಲಿ ಇಲ್ಲ.

ಆ ಹುಡುಗಿ ಹೋಗುವಾಗ ಒಂದು ಮಾತು ಹೇಳಿದಳು. ಮೀಟರ್, ಮಾಸ್ಕ್, ತರಬೇತಿ ಎಲ್ಲ ಬಂದರೂ, ಗುಂಡಿಯ ಬಾಯಲ್ಲಿ ನಿಂತವನು "ನಿಲ್ಲಿಸಿ" ಎಂದಾಗ ಯಾರೂ ಏಕೆಂದು ಕೇಳದೆ ರಿಗ್ ನಿಲ್ಲಬೇಕು, ಅವನ ಕೂಲಿ ಮುರಿಯಬಾರದು ಎಂದು. ನಾನು ಬೆಪ್ಪಾದೆ. ರಿಗ್ ನಿಂತರೆ ಗಂಟೆಗೆ ಡೀಸೆಲ್ ಎಷ್ಟು, ಬಾಡಿಗೆ ಎಷ್ಟು ಎಂದು ಬಾಯಿಪಾಠವಿರುವ ನನಗೇ ಇಲ್ಲದ ಅಧಿಕಾರವನ್ನು ಹೆಲ್ಪರನಿಗೆ ಕೊಡುವುದೆ? ತಾವೇ ಯೋಚಿಸಿ. ತಮ್ಮ ಸೇವೆ ಹೀಗೇ ಮುಂದುವರಿಯಲಿ. ತಲೆನೋವು ಬಂದರೆ ಪಕ್ಕದ ಅಂಗಡಿಯಲ್ಲಿ ನನ್ನ ಲೆಕ್ಕಕ್ಕೆ ಒಂದು ಮಾತ್ರೆ ಬರೆಸಿಕೊಳ್ಳಲು ಹುಡುಗನಿಗೆ ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಸಬ್ ಕಂಟ್ರ್ಯಾಕ್ಟರ್

ವಿ.ಸೂ.: ನಾಳೆಯಿಂದ ನಾನು ಸೈಟಿಗೆ ಬರುವುದಿಲ್ಲ, ಫೋನಿನಲ್ಲೇ ಸಿಗುತ್ತೇನೆ. ಎರಡು ದಿನ ನಿಂತದ್ದಕ್ಕೇ ತಲೆ ಹಿಡಿದುಕೊಂಡಂತಾಗಿ ಡಾಕ್ಟರಿಗೆ ತೋರಿಸಿದೆ. ರಕ್ತ ಪರೀಕ್ಷೆ ಮಾಡಿಸಿ, ಆ ಜಾಗದ ಹತ್ತಿರ ಸುಳಿಯಬೇಡಿ ಎಂದು ಬರೆದುಕೊಟ್ಟಿದ್ದಾರೆ. ಆರೋಗ್ಯದ ವಿಷಯದಲ್ಲಿ ಉದಾಸೀನ ಮಾಡಬಾರದು ನೋಡಿ.