ಹೆಸರು ಅರಸರದು, ನೆರಳು ಮರದ್ದು

"ತೀರಿಹೋದ ಅರಸರನ್ನು ಜನ ಮರೆಯಬಾರದೆಂದರೆ ಉದ್ಯಾನಕ್ಕೆ ಅವರ ಹೆಸರಿಡಬೇಕು ಸ್ವಾಮಿ," ಎನ್ನುತ್ತಾರೆ ಸ್ಮಾರಕಪ್ರಿಯರು. ಇಟ್ಟಾಯಿತಲ್ಲ! 1870ರಲ್ಲಿ ಶುರುವಾದ ಬೆಂಗಳೂರಿನ ಕಬ್ಬನ್ ಪಾರ್ಕಿಗೆ 1927ರಲ್ಲೇ ಶ್ರೀ ಚಾಮರಾಜೇಂದ್ರ ಉದ್ಯಾನವೆಂದು ನಾಮಕರಣವಾಯಿತು. 1894ರಲ್ಲಿ ಕಾಲವಾದ ಮಹಾರಾಜರ ಹೆಸರದು. ಆ ಹೆಸರು ಹೇಳಿ ಆಟೋ ಕರೆಯಿರಿ, ಚಾಲಕ ಮೀಟರು ಹಾಕುವ ಮೊದಲು ನಿಮ್ಮ ಮುಖ ನೋಡಿ, "ಅದೆಲ್ಲಿ ಬರುತ್ತೆ ಸಾರ್?" ಎನ್ನುತ್ತಾನೆ.

"ಹಾಗಾದರೆ ಪ್ರತಿಮೆ?" ಅದೂ ಇದೆ. ಚಾಮರಾಜೇಂದ್ರರೂ, 1906ರಿಂದ ವಿಕ್ಟೋರಿಯಾ ರಾಣಿಯೂ, ಆಕೆಯ ಮಗ ಏಳನೇ ಎಡ್ವರ್ಡನೂ ಅಲ್ಲೇ ನಿಂತಿದ್ದಾರೆ. ಕಾಗೆಗಳ ಅಭಿಷೇಕದಲ್ಲಿ ಮಾತ್ರ ರಾಜ-ರಾಣಿಯೆಂಬ ಭೇದವಿಲ್ಲ. "ಪ್ರತಿಮೆಯಿಲ್ಲದಿದ್ದರೆ ಇತಿಹಾಸವೇ ಅಳಿಸಿಹೋಗುತ್ತದಲ್ಲ?" ತಳ್ಳಿಹಾಕುವ ಆಕ್ಷೇಪವೇನಲ್ಲ; ಪ್ರತಿಮೆ ಮುಖವನ್ನು ಉಳಿಸುತ್ತದೆ. ಆದರೆ ಚಾಮರಾಜೇಂದ್ರರ ಕಾಲದಲ್ಲಿ, 1881ರಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಆರಂಭವಾಯಿತೆಂಬುದನ್ನು ಆ ಮುಖ ಹೇಳುವುದಿಲ್ಲ. ಪಾರ್ಕಿನ ಹಸಿರಿನ ಬೆನ್ನಿಗೆ ನಿಂತದ್ದೂ ಪ್ರತಿಮೆಯಲ್ಲ, 1975ರ ಸರ್ಕಾರಿ ಉದ್ಯಾನಗಳ ಸಂರಕ್ಷಣಾ ಕಾಯಿದೆ. "ಕಾಯಿದೆಗೆ ಹಾರ ಹಾಕೋಕಾಗುತ್ತಾ?" ಆಗುವುದಿಲ್ಲ, ಫೋಟೋದಲ್ಲೂ ಅದು ಚೆನ್ನಾಗಿ ಬರುವುದಿಲ್ಲ. ಅದಕ್ಕೇ ಸ್ಮಾರಕದ ಅಂದಾಜುಪಟ್ಟಿಯಲ್ಲಿ ಶಾಮಿಯಾನ, ಪರದೆ, ಶಿಲಾಫಲಕ ಎಲ್ಲಕ್ಕೂ ಸಾಲುಂಟು, ಸಸಿಗೆ ನೀರು ಹಾಕುವ ಮಾಲಿಗೆ ಮಾತ್ರ ಜಾಗವಿಲ್ಲ. ಅರಸರ ಮೇಲೆ ನಿಜವಾದ ಭಕ್ತಿಯಿದ್ದರೆ ಮೊದಲ ಸಾಲಿನಲ್ಲಿ ಮಾಲಿಯ ಸಂಬಳ ಬರೆಯಿರಿ. ಪರದೆ ಎಳೆಯುವವರಿಗೆ ಹೇಗೂ ಬರವಿಲ್ಲ.